ದೇವಗಿರಿಯ ಸಂತೆಯೂ ಮಾರುವವನ ಸುಂಕವೂ

ದೇವಗಿರಿಯ ಇತಿಹಾಸವನ್ನು ಬರೆದವರು ಅದರ ದುರ್ಗವನ್ನೂ ಐಶ್ವರ್ಯವನ್ನೂ ಪತನವನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಆ ಐಶ್ವರ್ಯದ ಬಹುಭಾಗವು ಬೆಳೆದುದು ಪೇಟೆಯಲ್ಲಿ. ಪೇಟೆಯ ಹಣ ಬೊಕ್ಕಸಕ್ಕೆ ಹರಿದುದು ಸುಂಕದ ಕಾಲುವೆಯಲ್ಲಿ. ಎತ್ತಿನ ಮೇಲೆ ಹೇರನ್ನು ಹೊರಿಸಿಕೊಂಡು ಸಂತೆಗೆ ಬಂದವನು ತನ್ನ ಸರಕಿಗೆ ದೊರೆತ ಬೆಲೆಯಲ್ಲಿ ಎಷ್ಟನ್ನು ಮನೆಗೆ ಒಯ್ಯುತ್ತಿದ್ದನು, ಎಷ್ಟನ್ನು ಸಂತೆಯಲ್ಲಿಯೇ ಬಿಟ್ಟು ಹೋಗುತ್ತಿದ್ದನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಶ್ನೆ ಹಳೆಯದಾದರೂ ಮುಗಿದುದಲ್ಲ. ಇಂದು ಅಂತರಜಾಲದ ಹರಾಜುಕಟ್ಟೆಗಳಲ್ಲಿ ಮನೆಯ ವಸ್ತುಗಳನ್ನು ಮಾರುವವರಿಗೂ ಕೂಗಿದ ಬೆಲೆ ಒಂದು, ಕೈಗೆ ಬಂದ ಹಣ ಇನ್ನೊಂದು ಎಂಬ ಅನುಭವವಾಗುತ್ತಿದೆ. ಸುಂಕದ ಭಾರ ಬೇರೆ, ಸುಂಕದ ಮರೆ ಬೇರೆ. ಭಾರವನ್ನು ಮಾರುವವನು ಬೆಲೆಯಲ್ಲಿ ಸೇರಿಸಿಕೊಳ್ಳಬಲ್ಲನು, ಮರೆಯಲ್ಲಿದ್ದುದನ್ನು ಸೇರಿಸಿಕೊಳ್ಳಲಾರನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ದೇವಗಿರಿಯ ಸುತ್ತಣ ಎಂಟು ಶತಮಾನಗಳ ಚರಿತ್ರೆಯು ಒಂದು ಸೂತ್ರದಲ್ಲಿ ಪೋಣಿಸಿದಂತೆ ತೋರುತ್ತದೆ.

ಸೇವುಣರ ಮೊದಲ ನೆಲೆ ಇಂದಿನ ನಾಶಿಕ ಜಿಲ್ಲೆಯ ಸಿನ್ನರದ ಸುತ್ತಣ ಪ್ರದೇಶ. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಈ ಮನೆತನವನ್ನು ಸ್ವತಂತ್ರ ಪದವಿಗೆ ತಂದು ದೇವಗಿರಿಯನ್ನು ರಾಜಧಾನಿಯಾಗಿ ಮಾಡಿದವನು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಆಳಿದ ಐದನೆಯ ಭಿಲ್ಲಮ. ಅವನ ಮೊಮ್ಮಗ ಸಿಂಘಣನ ಕಾಲಕ್ಕೆ ರಾಜ್ಯವು ಕನ್ನಡ ನಾಡಿನ ಒಳಭಾಗದವರೆಗೆ ಹಬ್ಬಿತು. ಕನ್ನಡ ನಾಡಿನಲ್ಲಿ ದೊರೆತಿರುವ ಸೇವುಣರ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಆದುದರಿಂದ ದೇವಗಿರಿಯ ಅರಸರ ಕಾಲದಲ್ಲಿ ಸುಂಕ ಹೇಗಿತ್ತೆಂಬುದನ್ನು ತಿಳಿಯಲು ಕನ್ನಡ ಶಿಲಾಶಾಸನಗಳೇ ಒಂದು ಮುಖ್ಯ ಸಾಧನ.

ಈ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಮೊದಲಾದ ಹೆಸರುಗಳು ಪದೇಪದೇ ಬರುತ್ತವೆ. ಸುಂಕವನ್ನು ನೋಡಿಕೊಳ್ಳಲು ಹೆಗ್ಗಡೆಗಳೂ ಅಧಿಷ್ಠಾಯಕರೂ ಇದ್ದರು. ಅರಸನ ಸುಂಕದ ಜೊತೆಗೆ ವರ್ತಕರು ತಾವಾಗಿಯೇ ಒಪ್ಪಿಕೊಂಡ ಆಯಗಳೂ ಇದ್ದವು: ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಧಾನ್ಯದ ಅಂಗಡಿಗೆ ಒಂದು ಮಾನ ಎಂಬ ರೀತಿಯವು. ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ನೆಯ ಇಸವಿಯ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಆ ಶಾಸನದಲ್ಲಿ ಸ್ಥಳೀಯ ವರ್ತಕರೊಡನೆ ಲಾಳ ಮತ್ತು ಮಲೆಯಾಳ ದೇಶಗಳ ವರ್ತಕರೂ ಕೂಡಿ, ಸರಕು ಸರಕಿಗೂ ಇಂತಿಷ್ಟು ಎಂದು ಬಸದಿಗೆ ಆಯವನ್ನು ಬಿಟ್ಟುಕೊಟ್ಟುದು ಕಾಣುತ್ತದೆ. ಮುಂದೆ ಸಿಂಘಣನ ಕಾಲದಲ್ಲಿ ರಟ್ಟರ ನಾಡು ದೇವಗಿರಿಯ ವಶವಾಯಿತು.

ಇಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಕೊಡುವವರು ಯಾರೆಂಬುದು ಶಾಸನದಲ್ಲಿಯೇ ಉಕ್ತವಾಗಿದೆ. ದೂರದೇಶದ ವರ್ತಕನು ಕೂಡ ಸಭೆಯಲ್ಲಿ ಸೇರಿದ್ದಾನೆ. ಯಾವ ಸರಕಿಗೆ ಎಷ್ಟು ಎಂಬುದು ನಿಶ್ಚಿತವಾಗಿದೆ. ಮೂರನೆಯದಾಗಿ, ಆ ದರವು ಅಧಿಕಾರಿಯ ಕಡತದಲ್ಲಿ ಅಡಗಿರದೆ ಜನ ಬಂದುಹೋಗುವ ದೇವಾಲಯದ ಬಳಿಯ ಕಲ್ಲಿನ ಮೇಲೆ ನಿಂತಿದೆ. ಕಲ್ಲಿನಲ್ಲಿ ಕೊರೆದ ದರವನ್ನು ರಾತ್ರೋರಾತ್ರಿ ಏರಿಸುವುದು ಸುಲಭವಲ್ಲ. ಹಾಗೆಂದು ಆ ಕಾಲದ ಸಂತೆಯಲ್ಲಿ ಪೀಡನೆಯೇ ಇರಲಿಲ್ಲವೆಂದು ತಿಳಿಯಬಾರದು. ದತ್ತಿಭೂಮಿಗಳನ್ನು 'ಸರ್ವಬಾಧಾಪರಿಹಾರ'ವಾಗಿ ಕೊಟ್ಟರೆಂದು ಶಾಸನಗಳು ಹೇಳುವಾಗ, ತೆರಿಗೆಗಳಿಗೆ ಬಾಧೆಯೆಂಬ ಹೆಸರು ರೂಢವಾಗಿತ್ತೆಂಬುದು ತಾನಾಗಿಯೇ ವಿದಿತವಾಗುತ್ತದೆ. ಬಾಧೆ ಇತ್ತು, ಆದರೆ ಅದರಲ್ಲಿ ಒಂದು ಭಾಗವಾದರೂ ಹೆಸರಿಟ್ಟು, ಅಳೆದು, ಬೆಳಕಿನಲ್ಲಿ ನಿಲ್ಲಿಸಿದ ಬಾಧೆಯಾಗಿತ್ತು.

1296ರಲ್ಲಿ ಅಲಾವುದ್ದೀನ ಖಿಲ್ಜಿಯು ದೇವಗಿರಿಯನ್ನು ಕೊಳ್ಳೆ ಹೊಡೆದನು. 1318ರಲ್ಲಿ ರಾಜ್ಯವು ದೆಹಲಿಗೆ ಸೇರಿತು. 1327ರಲ್ಲಿ ಮಹಮದ್ ಬಿನ್ ತುಘಲಕನು ಅದಕ್ಕೆ ದೌಲತಾಬಾದ್ ಎಂಬ ಹೆಸರನ್ನಿತ್ತು ತನ್ನ ರಾಜಧಾನಿಯಾಗಿ ಮಾಡಿದನು. 1342ರ ಅನಂತರ ಈ ಮಾರ್ಗವಾಗಿ ಸಂಚರಿಸಿದ ಇಬ್ನ ಬತೂತನು ಇಲ್ಲಿಯ ರತ್ನವರ್ತಕರ ಸಂಪತ್ತನ್ನು ಹೊಗಳಿದ್ದಾನೆ. ಅವನೇ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ದೌಲತಾಬಾದಿನ ಮತ್ತು ಅದರ ಪ್ರಾಂತದ ಆದಾಯವನ್ನು ಒಬ್ಬನು ಹದಿನೇಳು ಕೋಟಿಗೆ ಗುತ್ತಿಗೆ ಹಿಡಿದು, ಆ ಮೊತ್ತವನ್ನು ಸಲ್ಲಿಸಲಾರದೆ ಹೋದಾಗ, ಅವನ ಆಸ್ತಿಯನ್ನು ಕಿತ್ತುಕೊಂಡು ಚರ್ಮವನ್ನು ಸುಲಿಸಿದರಂತೆ. ಪ್ರವಾಸಿಯು ಕಿವಿಯಿಂದ ಕೇಳಿ ಬರೆದ ಮೊತ್ತದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಗುತ್ತಿಗೆಯ ಸ್ವಭಾವವು ಸ್ಪಷ್ಟವಾಗಿದೆ. ಮೇಲಕ್ಕೆ ಸಲ್ಲಿಸಬೇಕಾದುದು ಮೊದಲೇ ಗೊತ್ತು. ಕೆಳಗಿನಿಂದ ಪಡೆಯಬೇಕಾದುದಕ್ಕೆ ಮಿತಿ ಗೊತ್ತಿಲ್ಲ. ತಲೆಯ ಮೇಲೆ ಅಂತಹ ಭಯವನ್ನು ಹೊತ್ತವನು ಸಂತೆಗೆ ಬಂದವನ ಹೇರಿನಲ್ಲಿ ಹೊಸಹೊಸ ಬಾಬುಗಳನ್ನು ಹುಡುಕುವುದು ಸ್ವಾಭಾವಿಕ.

ಅಂತಹ ಹೊಸ ಬಾಬು ಹೇಗೆ ಹುಟ್ಟುತ್ತಿತ್ತೆಂಬುದಕ್ಕೆ ವಿಶದವಾದ ವಿವರಣೆ ದೆಹಲಿಯ ಪೇಟೆಯಿಂದಲೇ ದೊರೆಯುತ್ತದೆ. ಶಮ್ಸ್ ಸಿರಾಜ್ ಅಫೀಫನ ಇತಿಹಾಸದಲ್ಲಿ 'ದಾಂಗಾನ' ಎಂಬ ಸುಂಕದ ಮಾತು ಬರುತ್ತದೆ. ವರ್ತಕನು ಸರಾಯ್ ಅದಲ್ ಎಂಬ ಪೇಟೆಯಲ್ಲಿ ನ್ಯಾಯವಾದ ಸುಂಕವನ್ನು ಕೊಟ್ಟು ಮುಗಿಸಿದ ಮೇಲೆ ಅವನ ಸರಕನ್ನು ಮತ್ತೊಂದು ಕಚೇರಿಗೆ ಒಯ್ಯುತ್ತಿದ್ದರು. ಅಲ್ಲಿ ಅದನ್ನು ಪುನಃ ತೂಗಿ, ಟಂಕಕ್ಕೆ ಒಂದು ದಾಂಗಿನಂತೆ ಎರಡನೆಯ ಸಲ ವಸೂಲು ಮಾಡುತ್ತಿದ್ದರು. ತೂಕದ ನೆಪದಲ್ಲಿ ವರ್ತಕರು ಕಾಯಬೇಕಾಗುತ್ತಿತ್ತು. ಊರಿನವರಿಗೂ ಪರಸ್ಥಳದವರಿಗೂ ಇದರಿಂದ ಬಹಳ ಕ್ಲೇಶವಾಯಿತೆಂದು ಅಫೀಫನು ಬರೆದಿದ್ದಾನೆ. ಒಂದು ದಾಂಗು ದೊಡ್ಡ ಮೊತ್ತವಲ್ಲ. ಅನ್ಯಾಯವಿದ್ದುದು ಅದು ಬಂದ ಕ್ರಮದಲ್ಲಿ: ಮೊದಲ ಸುಂಕವನ್ನು ತೆತ್ತು, ಸರಕನ್ನು ಬಿಚ್ಚಿ, ಹಿಂದಿರುಗಲಾರದ ಸ್ಥಿತಿಗೆ ಬಂದ ಮೇಲೆಯೇ ಎರಡನೆಯದು ಎದುರಾಗುತ್ತಿತ್ತು.

ಫಿರೂಜ್ ಷಾ ತುಘಲಕನು ಹಿಜರಿ 777ರಲ್ಲಿ, ಎಂದರೆ ಕ್ರಿಸ್ತಶಕ 1375-76ರಲ್ಲಿ, ಇದನ್ನು ರದ್ದುಮಾಡಿದನು. ಆನೆಯ ಮೇಲೆ ಕುಳಿತ ಕಾಜಿಯೊಬ್ಬನು ನೆರೆದ ಜನಕ್ಕೆ ಆಜ್ಞೆಯನ್ನು ಓದಿ ಹೇಳಿದನೆಂದು ಅಫೀಫನು ತಿಳಿಸುತ್ತಾನೆ. ಫಿರೂಜನು ತಾನೇ ಬರೆಸಿದ 'ಫುತೂಹಾತ್'ನಲ್ಲಿ ತಾನು ಬಿಡಿಸಿದ ಸುಂಕಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಪೇಟೆಯ ದಲಾಲಿ, ಹೂ ಮಾರುವುದರ ಮೇಲಿನ ಸುಂಕ, ಮೀನಿನ ಸುಂಕ, ಸಾಬೂನಿನ ಸುಂಕ, ಹುರಿಗಡಲೆಯ ಸುಂಕ ಎಲ್ಲವೂ ಅದರಲ್ಲಿವೆ. ಆದರೆ ಅಷ್ಟು ಹೊತ್ತಿಗೆ ದೌಲತಾಬಾದು ದೆಹಲಿಯ ಕೈಬಿಟ್ಟಿತ್ತು. 1347ರಲ್ಲಿ ಅಲ್ಲಿಯೇ ಬಹಮನಿ ರಾಜ್ಯದ ಘೋಷಣೆಯಾಗಿ, ರಾಜಧಾನಿಯು ಕನ್ನಡ ನಾಡಿನ ಕಲಬುರ್ಗಿಗೆ ಸಾಗಿತ್ತು.

ಮೂರು ಶತಮಾನಗಳ ಅನಂತರ ಇದೇ ಕಥೆ ಮೊಗಲರ ಕಾಲದಲ್ಲಿ ಮರುಕಳಿಸಿತು. ದಖ್ಖನಿನ ಸುಬೇದಾರನಾಗಿ ಈ ಪ್ರಾಂತವನ್ನು ಚೆನ್ನಾಗಿ ಅರಿತಿದ್ದ ಔರಂಗಜೇಬನು ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲಿಯೇ ಹಾದಿಯ ಸುಂಕವಾದ ರಾಹದಾರಿಯನ್ನೂ, ಕಸಾಯಿ, ಕುಂಬಾರ, ಕಾಯಿಪಲ್ಯದವನಿಂದ ಹಿಡಿದು ಜವಳಿಯವನವರೆಗೆ ಅಂಗಡಿಯ ಜಾಗಕ್ಕಾಗಿ ಕೊಡಬೇಕಾಗಿದ್ದ ಪಾಂಡರಿಯನ್ನೂ ಮನ್ನಾ ಮಾಡಿದನೆಂದು ಖಾಫಿ ಖಾನನು ಬರೆದಿದ್ದಾನೆ. ಆದರೆ ಫಲವೇನಾಯಿತೆಂಬುದನ್ನೂ ಅವನು ಮುಚ್ಚಿಡಲಿಲ್ಲ. ದೂರದ ಪ್ರಾಂತಗಳಲ್ಲಿ ಜಹಗೀರುದಾರರೂ ಜಮೀನುದಾರರೂ ಆಜ್ಞೆಯನ್ನು ಲೆಕ್ಕಿಸದೆ ರಾಹದಾರಿಯನ್ನು ವಸೂಲು ಮಾಡುತ್ತಲೇ ಇದ್ದರು. ದೌಲತಾಬಾದಿಗೆ ಸಮೀಪದ ಖುಲ್ದಾಬಾದಿನಲ್ಲಿ ಔರಂಗಜೇಬನ ಸರಳವಾದ ಗೋರಿಯಿದೆ. ಅವನ ಮನ್ನಾ ಆಜ್ಞೆಯು ಅವನಿಗಿಂತ ಬಹಳ ಮೊದಲೇ ಸಮಾಧಿ ಸೇರಿತ್ತು. ರಾಜನ ಕರುಣೆ ಆಜ್ಞೆಯನ್ನು ಹೊರಡಿಸಬಲ್ಲುದು. ಸಂತೆಯಲ್ಲಿ ನಿಂತ ರೈತನ ಕೈಗೆ ಆ ಆಜ್ಞೆಯ ಒಂದು ಪ್ರತಿಯೂ, ಕೇಳುವ ಒಂದು ಸ್ಥಾನವೂ ಇಲ್ಲದಿದ್ದರೆ ಅದು ವ್ಯರ್ಥ.

ಆ ಪ್ರತಿಯನ್ನೂ ಆ ಸ್ಥಾನವನ್ನೂ ಕಲ್ಪಿಸಿಕೊಡುವ ಯತ್ನ ಆರಂಭವಾದುದು ಹತ್ತಿಯ ವ್ಯಾಪಾರದಿಂದ. 1897ರಲ್ಲಿ ವಿದರ್ಭ ಪ್ರಾಂತದಲ್ಲಿ ಹತ್ತಿ ಮತ್ತು ಧಾನ್ಯದ ಮಾರುಕಟ್ಟೆಗಳಿಗೆ ಕಾನೂನು ಬಂದಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಆ ಮಾದರಿಯ ನಿಯಂತ್ರಿತ ಮಾರುಕಟ್ಟೆಗಳನ್ನು ದೇಶದಲ್ಲೆಲ್ಲ ಸ್ಥಾಪಿಸಬೇಕೆಂದು ಸೂಚಿಸಿತು. 1930ರಲ್ಲಿ ಹೈದರಾಬಾದ್ ಸಂಸ್ಥಾನವು ತನ್ನ ಮಾರುಕಟ್ಟೆ ಕಾಯಿದೆಯನ್ನು ಮಾಡಿತು. ದೌಲತಾಬಾದನ್ನೊಳಗೊಂಡ ಔರಂಗಾಬಾದ್ ಜಿಲ್ಲೆಯೂ ಕನ್ನಡದ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳೂ ಆಗ ಒಂದೇ ಸಂಸ್ಥಾನದಲ್ಲಿದ್ದವು; 1956ರಲ್ಲಿ ಅವು ಬೇರೆಯಾದವು. ಹಳೆಯ ಅಡತಿ ಅಂಗಡಿಯಲ್ಲಿ ದಲಾಲನೂ ಖರೀದಿದಾರನೂ ಬಟ್ಟೆಯ ಕೆಳಗೆ ಬೆರಳು ಮುಟ್ಟಿ ಬೆಲೆಯನ್ನು ನಿಶ್ಚಯಿಸುತ್ತಿದ್ದರು; ಸರಕಿನ ಒಡೆಯನಿಗೆ ಅದು ಕಾಣುತ್ತಿರಲಿಲ್ಲ. ಅನಂತರ ಅಡತಿ, ಹಮಾಲಿ, ತೂಕ, ಮಾದರಿ, ಧರ್ಮಾದಾಯ ಎಂದು ಒಂದೊಂದಾಗಿ ಕಳೆಯುತ್ತಿದ್ದರು. ನಿಯಂತ್ರಿತ ಮಾರುಕಟ್ಟೆಯ ತತ್ತ್ವವು ಸರಳವಾದುದು: ಬೆಲೆಯನ್ನು ಎಲ್ಲರೆದುರಿಗೆ ಕೂಗಬೇಕು, ಕಡಿತಗಳ ದರವನ್ನು ಮೊದಲೇ ಪ್ರಕಟಿಸಬೇಕು, ಲೆಕ್ಕದ ಚೀಟಿಯನ್ನು ಮಾರಿದವನ ಕೈಗೆ ಕೊಡಬೇಕು. ಬೆಳಗಾವಿಯ ಕಲ್ಲು ಹೇಳಿದುದೂ ಬಹುಮಟ್ಟಿಗೆ ಇದನ್ನೇ.

ಆದರೂ ವಿವಾದ ತೀರಲಿಲ್ಲ. ಸೇವುಣರ ಮೂಲನೆಲೆಯಾದ ನಾಶಿಕ ಜಿಲ್ಲೆಯಲ್ಲಿಯೇ ಈರುಳ್ಳಿಯ ಹರಾಜಿಗೆ ಪ್ರಸಿದ್ಧವಾದ ಲಾಸಲಗಾಂವ ಇದೆ. 2016ರ ಜುಲೈ ತಿಂಗಳಿನಲ್ಲಿ ಮಹಾರಾಷ್ಟ್ರ ಸರಕಾರವು ಹಣ್ಣು ತರಕಾರಿಗಳ ಅಡತಿಯನ್ನು ರೈತನಿಂದಲ್ಲ, ಕೊಳ್ಳುವವನಿಂದ ಪಡೆಯಬೇಕೆಂದು ವಿಧಿಸಿದಾಗ ವರ್ತಕರು ಹರಾಜನ್ನೇ ನಿಲ್ಲಿಸಿದರು. 2024ರ ಏಪ್ರಿಲಿನಲ್ಲಿ ಹಮಾಲಿ, ತೋಲಾಯಿ, ವಾರಾಯಿಗಳನ್ನು ರೈತನ ಪಟ್ಟಿಯಿಂದ ಕಳೆಯಬೇಕೆ ಬೇಡವೆ ಎಂಬ ಕಲಹದಲ್ಲಿ ಜಿಲ್ಲೆಯ ಮಾರುಕಟ್ಟೆಗಳು ಪುನಃ ಮುಚ್ಚಿದವು. ಗೋಣಿಯನ್ನು ಎತ್ತುವವನಿಗೆ ಕೂಲಿ ಸಲ್ಲಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅದನ್ನು ಯಾರ ಬೆಲೆಯಿಂದ ಕಳೆಯಬೇಕು ಎಂಬುದೇ ಪ್ರಶ್ನೆ.

ಇದೇ ಪ್ರಶ್ನೆಯು ಅಂತರಜಾಲದ ಹರಾಜಿನಲ್ಲಿ ವೇಷವನ್ನು ಬದಲಿಸಿ ಬಂದಿದೆ. 1995ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಈಬೇ ಸಂಸ್ಥೆಯು ವಸ್ತುವನ್ನು ಪಟ್ಟಿಗೆ ಸೇರಿಸುವುದಕ್ಕೆ ಒಂದು ಶುಲ್ಕ, ಮಾರಾಟವಾದ ಮೇಲೆ ಅಂತಿಮ ಬೆಲೆಯ ಮೇಲೆ ಇನ್ನೊಂದು ಶುಲ್ಕ ಎಂಬ ಪದ್ಧತಿಯನ್ನು ರೂಢಿಗೆ ತಂದಿತು. 2011ರಿಂದ ಅಮೆರಿಕದಲ್ಲಿ ಆ ಶುಲ್ಕವನ್ನು ಸಾಗಣೆಯ ವೆಚ್ಚದ ಮೇಲೆಯೂ ಎಣಿಸಲಾಯಿತು. ಕೊಂಡವನು ಅಂಚೆಗೆಂದು ಕೊಟ್ಟ ಹಣದಲ್ಲಿಯೂ ಒಂದು ಪಾಲು ಕಟ್ಟೆಗೆ ಸಲ್ಲುವುದೆಂದು ಮೊದಲ ಸಲ ಮಾರುವವನು ಊಹಿಸಿರುವುದಿಲ್ಲ. ನಿಯಮಾವಳಿಯಲ್ಲಿ ಅದು ಬರೆದಿರುತ್ತದೆ, ನಿಜ. ದಾಂಗಾನವೂ ಕಚೇರಿಗೆ ತಿಳಿದ ನಿಯಮವೇ ಆಗಿತ್ತು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯು ಖಾಸಗಿ ಮಾರಾಟಗಾರರ ಶುಲ್ಕವನ್ನು ತೆಗೆದು, 2025ರ ಫೆಬ್ರವರಿಯಲ್ಲಿ ಕೊಳ್ಳುವವರ ಮೇಲೆ ಒಂದು ಶುಲ್ಕವನ್ನು ವಿಧಿಸಿತು. ನಾಶಿಕದಲ್ಲಿ ಸರಕಾರ ಆಜ್ಞೆಯಿಂದ ಮಾಡಹೊರಟುದನ್ನು ಅಲ್ಲಿ ಸ್ಪರ್ಧೆಯ ಒತ್ತಡವು ಮಾಡಿಸಿತೆನ್ನಬಹುದು. ಆದರೆ ಭಾರವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಸಾಗಿಸಿದ ಮಾತ್ರಕ್ಕೆ ಮರೆಯು ಹರಿಯುವುದಿಲ್ಲ.

ಇತಿಹಾಸದಿಂದ ತಿಳಿದುಬರುವುದಿಷ್ಟು. ಶುಲ್ಕವಿಲ್ಲದ ಸಂತೆ ಎಂದೂ ಇರಲಿಲ್ಲ. ಹಾದಿಗೆ ಕಾವಲು ಬೇಕು, ತಕ್ಕಡಿಗೆ ಒಡೆಯ ಬೇಕು, ಕಟ್ಟೆಗೆ ಕೂಲಿ ಬೇಕು. ಮಾರುವವನು ಕೇಳುತ್ತ ಬಂದುದು ಅವುಗಳ ವಿನಾಯಿತಿಯನ್ನಲ್ಲ, ಹೇರನ್ನು ಇಳಿಸುವ ಮುನ್ನ ಅವುಗಳ ಲೆಕ್ಕವನ್ನು. ಹದಿಮೂರನೆಯ ಶತಮಾನದ ವರ್ತಕನು ಊರನ್ನು ಪ್ರವೇಶಿಸುವಾಗ ಆ ಲೆಕ್ಕವು ಅವನಿಗಿಂತ ಎತ್ತರವಾದ ಕಲ್ಲಿನಲ್ಲಿ, ಅವನು ಬಲ್ಲ ನುಡಿಯಲ್ಲಿ ನಿಂತಿರುತ್ತಿತ್ತು. ಇಂದಿನ ಹರಾಜುಕಟ್ಟೆಯು ಅದನ್ನು ಎಷ್ಟು ಎತ್ತರದಲ್ಲಿ, ಯಾವ ನುಡಿಯಲ್ಲಿ ನಿಲ್ಲಿಸುತ್ತದೆ ಎಂಬುದರಿಂದಲೇ ಅದರ ಧರ್ಮವನ್ನು ಅಳೆಯಬೇಕಾಗಿದೆ.