ವ್ರತ ಮುರಿಯದ ರಾವಣ ಸೋತದ್ದೆಲ್ಲಿ?

ಇವತ್ತು ರಾವಣನ ಬಗ್ಗೆ ಮಾತಾಡೋಣ.

ದಸರಾ ಬಂತು ಅಂದ್ರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ತಪ್ಪದೆ ಬರುತ್ತೆ. "ರಾವಣ ಸೀತೆಯನ್ನು ಹೊತ್ತೊಯ್ದ, ನಿಜ. ಆದರೆ ಮುಟ್ಟಲಿಲ್ಲವಲ್ಲ! ಇವತ್ತಿನ ಗಂಡಸರಿಗಿಂತ ಅವನೇ ಮೇಲು." ಓದಿದವರು ತಲೆಯಾಡಿಸ್ತಾರೆ, ಮುಂದಕ್ಕೆ ಕಳಿಸ್ತಾರೆ. ಈ ಮಾತು ಎಲ್ಲಿಂದ ಬಂತು, ಎಷ್ಟು ಸರಿ, ಎಲ್ಲಿ ತಪ್ಪು ಅಂತ ಹುಡುಕುತ್ತಾ ಹೋದರೆ ನಾವು ನಾಶಿಕ ಜಿಲ್ಲೆಯ ಸಟಾಣಾ ಸೀಮೆಗೆ ಬಂದು ನಿಲ್ಲುತ್ತೇವೆ. ಅಲ್ಲಿಂದ ದಾರಿ ನೇರ ನಮ್ಮ ಹಳಗನ್ನಡಕ್ಕೆ ಬರುತ್ತೆ.

ಮೊದಲು ವಾಲ್ಮೀಕಿಯನ್ನು ನೋಡೋಣ. ಅಲ್ಲಿ ರಾವಣ ಸೀತೆಯನ್ನು ಮುಟ್ಟಲಿಲ್ಲ ಅನ್ನೋದೇ ಸುಳ್ಳು. ಅರಣ್ಯಕಾಂಡದಲ್ಲಿ ಅವನು ಅವಳ ಕೂದಲು ಹಿಡಿದು, ಎತ್ತಿಕೊಂಡೇ ಹೋಗ್ತಾನೆ. ಲಂಕೆಯಲ್ಲಿ ಹನ್ನೆರಡು ತಿಂಗಳ ಗಡುವು ಕೊಡ್ತಾನೆ. ಅಷ್ಟರಲ್ಲಿ ಒಪ್ಪದಿದ್ದರೆ ಕೊಚ್ಚಿ ಬೆಳಗಿನ ಊಟಕ್ಕೆ ಬೇಯಿಸುತ್ತಾರೆ ಅಂತ ಬೆದರಿಸ್ತಾನೆ. ಅದಕ್ಕಿಂತ ಮುಂದಕ್ಕೆ ಯಾಕೆ ಹೋಗಲಿಲ್ಲ? ಯುದ್ಧಕಾಂಡದಲ್ಲಿ ಅವನೇ ಕಾರಣ ಹೇಳ್ತಾನೆ: ಒಲ್ಲದ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದರೆ ತಲೆ ಸಿಡಿದು ಹೋಗಲಿ ಅಂತ ಬ್ರಹ್ಮನ ಶಾಪ. ಉತ್ತರಕಾಂಡದಲ್ಲಿ ಅದೇ ಶಾಪ ನಲಕೂಬರನ ಬಾಯಿಂದ ಬರುತ್ತೆ. ಅಂದರೆ ಅಲ್ಲಿರುವುದು ಸಂಯಮವಲ್ಲ, ಭಯ.

ಹಾಗಂತ ವಾಲ್ಮೀಕಿ ಅವನನ್ನು ಬರೀ ಕಪ್ಪು ಬಣ್ಣದಲ್ಲಿ ಬಳಿದಿಲ್ಲ. ಹನುಮಂತ ಮೊದಲ ಸಲ ಅವನ ಸಭೆ ಹೊಕ್ಕಾಗ ಬೆರಗಾಗ್ತಾನೆ. ಏನು ರೂಪ, ಏನು ಧೈರ್ಯ! ಅಧರ್ಮವೊಂದು ಇಲ್ಲದಿದ್ದರೆ ಇವನು ದೇವಲೋಕವನ್ನೂ ಕಾಯಬಲ್ಲವನು ಅಂದುಕೊಳ್ತಾನೆ. ರಾವಣ ಸತ್ತ ಮೇಲೆ ವಿಭೀಷಣ ಸಂಸ್ಕಾರ ಮಾಡಲು ಹಿಂಜರಿದರೆ ರಾಮ ಒಪ್ಪುವುದಿಲ್ಲ. ವೈರ ಸಾವಿನ ತನಕ, ಈಗ ಅವನು ನನಗೂ ಹಾಗೇ ಅಂತಾನೆ.

ಹಾಗಾದರೆ ಆ ಫಾರ್ವರ್ಡಿನ ರಾವಣ ಎಲ್ಲಿಂದ ಬಂದ? ಇಲ್ಲಿ ಸಟಾಣಾ ಬರುತ್ತೆ.

ಪುಣೆ, ಮುಂಬೈ, ನಾಶಿಕದಲ್ಲಿ ಕೆಲಸ ಮಾಡುವ ನಮ್ಮವರು ವೀಕೆಂಡಿಗೆ ಪಂಚವಟಿ, ಸೀತಾ ಗುಂಫಾ ನೋಡಿಯೇ ಇರ್ತೀರಿ. ಶೂರ್ಪನಖಿಯ ನಾಸಿಕ ಕತ್ತರಿಸಿದ ಊರು, ಅದಕ್ಕೇ ನಾಶಿಕ ಅಂತ ಗೈಡು ಹೇಳಿರ್ತಾನೆ. ಆದರೆ ಅದೇ ಜಿಲ್ಲೆಯ ಬಾಗಲಾಣ ತಾಲೂಕು, ಅಂದರೆ ಸಟಾಣಾ ಕಡೆಗೆ ಹೋದವರು ಕಡಿಮೆ. ಅಲ್ಲಿ ತಾಹರಾಬಾದಿನ ಹತ್ತಿರ ಮಾಂಗೀ ಮತ್ತು ತುಂಗೀ ಅಂತ ಜೋಡಿ ಶಿಖರ. ಎತ್ತರ 4,300 ಅಡಿಗೂ ಹೆಚ್ಚು. ಬಂಡೆಯಲ್ಲೇ ಕೊರೆದ 108 ಅಡಿಯ ಋಷಭದೇವನ ಮೂರ್ತಿಗೆ 2016ರಲ್ಲಿ ಪ್ರತಿಷ್ಠೆ ಆದಾಗ ಸುದ್ದಿಯಲ್ಲಿ ಬಂದ ಜಾಗ ಇದೇ. ಜೈನರಿಗೆ ಇದು ಸಿದ್ಧಕ್ಷೇತ್ರ. ರಾಮ, ಹನುಮಂತ, ಸುಗ್ರೀವ ಮೊದಲಾದವರು ದೀಕ್ಷೆ ಪಡೆದು ಇಲ್ಲಿಂದಲೇ ಮೋಕ್ಷಕ್ಕೆ ಹೋದರು ಅನ್ನೋದು ಅವರ ನಂಬಿಕೆ.

ಜೈನರ ರಾಮಾಯಣವೇ ಬೇರೆ. ಪ್ರಾಕೃತದಲ್ಲಿ ವಿಮಲಸೂರಿ, ಸಂಸ್ಕೃತದಲ್ಲಿ 7ನೇ ಶತಮಾನದ ರವಿಷೇಣ ಅದನ್ನು ಬರೆದರು. ಅಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ ವಂಶದ ಅರಸ. ಹತ್ತು ತಲೆಯೂ ಇಲ್ಲ. ಮಗುವಾಗಿದ್ದಾಗ ಹಾಕಿಕೊಂಡ ಹಾರದ ಒಂಬತ್ತು ರತ್ನಗಳಲ್ಲಿ ಮುಖ ಪ್ರತಿಫಲಿಸಿ ದಶಮುಖ ಅಂತ ಹೆಸರಾಯ್ತು, ಅಷ್ಟೆ. ರಾಮ ಹಿಂಸೆ ಮಾಡುವ ಹಾಗಿಲ್ಲ, ಅವನು ಅದೇ ಜನ್ಮದಲ್ಲಿ ಮೋಕ್ಷಕ್ಕೆ ಹೋಗಬೇಕಾದವನು. ಹಾಗಾಗಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣ ನರಕಕ್ಕೆ ಹೋದರೂ ಮುಂದೊಂದು ಕಾಲಕ್ಕೆ ತೀರ್ಥಂಕರನಾಗುವವನು.

ಮುಖ್ಯ ಬದಲಾವಣೆ ಇದು: ಇಲ್ಲಿ ಶಾಪ ಇಲ್ಲ, ವ್ರತ ಇದೆ. ಅನಂತವೀರ್ಯ ಕೇವಲಿಯ ಎದುರು ರಾವಣ ತಾನಾಗಿಯೇ ಒಂದು ಮಾತು ಕೊಡ್ತಾನೆ, ನನ್ನನ್ನು ಒಲ್ಲದ ಹೆಣ್ಣನ್ನು ಮುಟ್ಟೋದಿಲ್ಲ ಅಂತ. ಅದಕ್ಕೂ ಮೊದಲೇ ನಲಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೇ ಕಳಿಸಿದವನು ಅವನು. ನಮ್ಮ ಫಾರ್ವರ್ಡಿನ ರಾವಣ ಈ ಪರಂಪರೆಯವನು.

ಈ ರಾವಣನನ್ನು ಕನ್ನಡಕ್ಕೆ ತಂದವನು ನಾಗಚಂದ್ರ. ಅಭಿನವ ಪಂಪ ಅಂತ ಬಿರುದು. ಕಾಲ 1100ರ ಆಸುಪಾಸು. ವಿಜಯಪುರದಲ್ಲಿ ಮಲ್ಲಿಜಿನೇಂದ್ರನ ಬಸದಿ ಕಟ್ಟಿಸಿದವನು. ಅವನ 'ರಾಮಚಂದ್ರಚರಿತ ಪುರಾಣ'ವನ್ನೇ ನಾವು ಪಂಪ ರಾಮಾಯಣ ಅಂತೀವಿ. ಅದರಲ್ಲಿ ಯುದ್ಧದ ನಡುವೆ ಒಂದು ಘಳಿಗೆ ಬರುತ್ತೆ. ರಾವಣ ಬಹುರೂಪಿಣೀ ವಿದ್ಯೆ ಸಾಧಿಸಿಕೊಂಡು ಸೀತೆಯ ಮುಂದೆ ಬಂದು ನಿಲ್ತಾನೆ. ಇನ್ನು ರಾಮ ಉಳಿಯೋದಿಲ್ಲ ಅಂತ ಕೇಳಿದ್ದೇ ಸೀತೆ ಮೂರ್ಛೆ ಹೋಗ್ತಾಳೆ. ಆ ಕ್ಷಣ ರಾವಣನ ಮನಸ್ಸು ತಿರುಗುತ್ತೆ. ಇಂಥ ಪ್ರೀತಿ ಇರುವ ಇಬ್ಬರನ್ನು ಅಗಲಿಸಿದೆನಲ್ಲ ಅಂತ ಮರುಗ್ತಾನೆ. ಆಸೆ ಅಲ್ಲೇ ಇಳಿದುಹೋಗುತ್ತೆ.

ಕಥೆ ಮುಗೀಬೇಕಿತ್ತು, ಅಲ್ವಾ? ಮುಗಿಯಲ್ಲ. ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟ ಅಂತ ಲೋಕ ನಗುತ್ತೆ. ಅದಕ್ಕೆ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಸೆರೆಹಿಡಿದು, ಆಮೇಲೆ ಸೀತೆಯನ್ನು ಗೌರವದಿಂದ ಒಪ್ಪಿಸ್ತೀನಿ ಅಂತ ತೀರ್ಮಾನ ಮಾಡ್ತಾನೆ. ಆ "ಆಮೇಲೆ" ಬರೋದೇ ಇಲ್ಲ. ಗ್ರೀಕ್ ನಾಟಕಗಳನ್ನು ಚೆನ್ನಾಗಿ ಬಲ್ಲ ಬಿ.ಎಂ.ಶ್ರೀ ಅವರು ಈ ರಾವಣನನ್ನು ದುರಂತ ನಾಯಕ ಅಂತ ಗುರುತಿಸಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದದ್ದು ಇದಕ್ಕೇ.

ಇನ್ನು ಅವನ ಶಕ್ತಿ ಮತ್ತು ಭಕ್ತಿ. ಅದನ್ನು ಕಣ್ಣಾರೆ ನೋಡಬೇಕಾದರೆ ಛತ್ರಪತಿ ಸಂಭಾಜಿನಗರದ ಹತ್ತಿರದ ಎಲ್ಲೋರಾಕ್ಕೆ ಹೋಗಿ. 16ನೇ ಗುಹೆಯ ಕೈಲಾಸ ದೇವಾಲಯ 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಅಲ್ಲಿ ರಾವಣ ಕೈಲಾಸವನ್ನೇ ಎತ್ತುತ್ತಿರುವ ಶಿಲ್ಪವಿದೆ. ಮೇಲೆ ಪಾರ್ವತಿ ಬೆದರಿ ಶಿವನಿಗೆ ಆತುಕೊಂಡಿದ್ದಾಳೆ. ಶಿವ ಮಾತ್ರ ನೆಮ್ಮದಿಯಾಗಿ ಕೂತಿದ್ದಾನೆ, ಕಾಲ ಬೆರಳೊತ್ತಿದರೆ ಸಾಕು. ಜೈನರ ಕಥೆಯಲ್ಲೂ ಇದೇ ಬೆಟ್ಟ, ಇದೇ ಬೆರಳು. ಒತ್ತುವವನು ಮಾತ್ರ ತಪಸ್ಸಿಗೆ ಕೂತ ವಾಲಿ ಮುನಿ. ಎರಡರಲ್ಲೂ ರಾವಣ ನೋವಿಂದ ಕೂಗ್ತಾನೆ, ಆ ರವದಿಂದಲೇ ಅವನ ಹೆಸರು. ಆಮೇಲೆ ಸ್ತೋತ್ರ ಹಾಡ್ತಾನೆ, ವರ ಪಡೀತಾನೆ. ಗಮನಿಸಿ, ಅವನ ಭಕ್ತಿ ಸುಳ್ಳಲ್ಲ. ಆದರೆ ಬೆಟ್ಟದ ಕೆಳಗೆ ಸಿಕ್ಕಿಕೊಂಡ ಮೇಲೆ ಬಂದ ಭಕ್ತಿ ಅದು.

ಈಗ ಆ ಫಾರ್ವರ್ಡಿಗೆ ಉತ್ತರ ಕೊಡಬಹುದು. ಜೈನ ರಾವಣ ವ್ರತ ಮುರಿಯಲಿಲ್ಲ, ಒಪ್ಪೋಣ. ಆದರೆ ವ್ರತದ ಅರ್ಥ ಏನು? ಒಲ್ಲದ ಹೆಣ್ಣಿನ ಮನಸ್ಸಿಗೆ ಬೆಲೆ ಕೊಡೋದು. ಸೀತೆ ಲಂಕೆಗೆ ಬರೋದಕ್ಕೇ ಒಲ್ಲೆ ಅಂದಿದ್ದಳು. ಅಪಹರಣದ ದಿನವೇ ವ್ರತದ ಜೀವ ಹೋಯ್ತು. ಆಮೇಲೆ ಉಳಿದದ್ದು ಅಕ್ಷರ ಮಾತ್ರ. ಪಾಲಿಸಿಯ ಒಂದೊಂದು ಸಾಲಿಗೂ ಟಿಕ್ ಹಾಕಿ, ಯಾವುದಕ್ಕೆ ಆ ಪಾಲಿಸಿ ಬಂತೋ ಅದನ್ನೇ ಮುರಿಯೋದನ್ನು ಆಫೀಸಿನಲ್ಲಿ ನಾವೂ ನೋಡಿಲ್ವಾ?

ಇದಕ್ಕೆ ತದ್ವಿರುದ್ಧ ಉದಾಹರಣೆ ಸಟಾಣಾ ಪೇಟೆಯಲ್ಲೇ ಇದೆ. ಅಲ್ಲಿ ಒಬ್ಬ ಸರ್ಕಾರಿ ಅಧಿಕಾರಿಗೆ ಗುಡಿ ಕಟ್ಟಿದ್ದಾರೆ. ಯಶವಂತರಾವ್ ಭೋಸೇಕರ್, ಬ್ರಿಟಿಷರ ಕಾಲದ ಮಾಮಲೇದಾರ, ಅಂದರೆ ನಮ್ಮ ತಹಶೀಲ್ದಾರ. 1870ರ ಸುಮಾರಿನ ಬರದಲ್ಲಿ ಸರ್ಕಾರಿ ಖಜಾನೆ ತೆಗೆದು ಹಸಿದವರಿಗೆ ಹಂಚಿದರಂತೆ. ತಪಾಸಣೆಗೆ ಬಂದಾಗ ಹಣ ಇದ್ದಷ್ಟೇ ಇತ್ತು ಅಂತ ಜನ ಹೇಳ್ತಾರೆ. ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಜನ ಅವರನ್ನು ದೇವ ಮಾಮಲೇದಾರ ಅಂತ ಯಾಕೆ ಕರೆದರು ನೋಡಿ. ಅವರು ನಿಯಮದ ಅಕ್ಷರ ಬಿಟ್ಟು, ಸರ್ಕಾರ ಇರೋದು ಯಾರಿಗಾಗಿ ಅನ್ನೋದನ್ನು ಹಿಡಿದುಕೊಂಡರು.

ನನ್ನ ಮಟ್ಟಿಗೆ ರಾವಣನ ದೊಡ್ಡ ದೋಷ ಕಾಮವಲ್ಲ. ಅದು ಇಳಿದುಹೋಗಿತ್ತು. ತಪ್ಪು ಅಂತ ಗೊತ್ತಾದ ಮೇಲೂ ಸರಿಪಡಿಸೋದನ್ನು ಮಾನ ಉಳಿಸಿಕೊಂಡ ಮೇಲೆ ಅಂತ ಮುಂದೂಡಿದ್ದೇ ದೋಷ. ಅವನ ವೀರ, ವಿದ್ಯೆ, ಭಕ್ತಿ, ವ್ರತ ಯಾವುದೂ ಆ ಒಂದು ದಿನವನ್ನು ತುಂಬಿಕೊಡಲಿಲ್ಲ.

ರಜೆ ಸಿಕ್ಕರೆ ಮಾಂಗೀತುಂಗಿ ಹತ್ತಿ ಬನ್ನಿ, ಮೆಟ್ಟಿಲು ಸಾವಿರಾರು ಇವೆ, ನೀರು ಜೊತೆಗಿರಲಿ. ಮುಂದಿನ ಮಾತಿನಲ್ಲಿ ಸಿಗೋಣ.