ದೋಷಪೂರಿತ ತಂತ್ರಾಂಶ ನವೀಕರಣ

ದೋಷಪೂರಿತ ತಂತ್ರಾಂಶ ನವೀಕರಣ ಎಂದರೆ ಗಣಕಯಂತ್ರವನ್ನು ಸುಧಾರಿಸಲೆಂದು ಅಥವಾ ಸುರಕ್ಷಿತಗೊಳಿಸಲೆಂದು ತಯಾರಕರು ಕಳುಹಿಸಿದ ತಂತ್ರಾಂಶದ ಹೊಸ ಭಾಗದಲ್ಲಿಯೇ ತಪ್ಪಿದ್ದು, ಅದನ್ನು ಪಡೆದ ಯಂತ್ರವು ಆರಂಭವಾಗದೆ ಅಥವಾ ಬಳಕೆಗೆ ಬಾರದೆ ಹೋಗುವ ಸಂದರ್ಭ. ಬಳಕೆದಾರನ ಯಾವ ತಪ್ಪೂ ಇಲ್ಲದೆ, ನಂಬಿಕೆಯ ಮೂಲದಿಂದಲೇ ಬರುವುದರಿಂದ ಇದು ವೈರಸ್ ದಾಳಿಗಿಂತ ಭಿನ್ನವಾದುದು. ಇಂತಹ ಘಟನೆಗಳಲ್ಲಿ ಅತ್ಯಂತ ದೊಡ್ಡದು 2024ರ ಜುಲೈ 19ರಂದು ನಡೆದ ಕ್ರೌಡ್‌ಸ್ಟ್ರೈಕ್ ವೈಫಲ್ಯ. ಅಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ನೋಂದಣಿಯನ್ನು ಕೈಯಿಂದ ನಡೆಸಬೇಕಾಯಿತು.

ಇಂತಹ ವೈಫಲ್ಯದಲ್ಲಿ ಯಂತ್ರ ಸತ್ತಂತೆ ಕಂಡರೂ ಅದರೊಳಗಿನ ಕಡತಗಳು ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತವೆ. ಅನೇಕ ವೇಳೆ ನಿಜವಾದ ನಷ್ಟವಾಗುವುದು ನವೀಕರಣದಿಂದಲ್ಲ, ಅವಸರದ ದುರಸ್ತಿಯಿಂದ.

ಸ್ವರೂಪ

ಕಾರ್ಯಾಚರಣಾ ವ್ಯವಸ್ಥೆಯ ಒಳತಿರುಳನ್ನು ಕರ್ನೆಲ್ ಎನ್ನುತ್ತಾರೆ. ಪದ ಸಂಸ್ಕಾರಕ, ಬ್ರೌಸರ್ ಮೊದಲಾದ ಸಾಮಾನ್ಯ ತಂತ್ರಾಂಶಗಳು ಅದರ ಹೊರಗೆ ಕೆಲಸ ಮಾಡುತ್ತವೆ. ಅವುಗಳಲ್ಲೊಂದು ಕೆಟ್ಟರೆ ಅದೊಂದೇ ಮುಚ್ಚಿಹೋಗುತ್ತದೆ. ಮುದ್ರಕ, ಪರದೆ, ಡಿಸ್ಕ್ ಇತ್ಯಾದಿಗಳನ್ನು ನಡೆಸುವ ಡ್ರೈವರ್‌ಗಳಲ್ಲಿ ಹಲವು ಮತ್ತು ಬಹುತೇಕ ವೈರಸ್ ನಿರೋಧಕಗಳ ಮುಖ್ಯ ಭಾಗ ಮಾತ್ರ ಕರ್ನೆಲ್‌ನೊಳಗೆ ಇರುತ್ತವೆ. ಅಲ್ಲಿ ಒಂದು ತಪ್ಪಾದರೆ, ಮುಂದೆ ಹೆಚ್ಚಿನ ಹಾನಿಯಾಗದಿರಲೆಂದು ವಿಂಡೋಸ್ ತಾನೇ ನಿಂತುಬಿಡುತ್ತದೆ. ನೀಲಿ ಪರದೆ ಬಹುಕಾಲ ಇದರ ಸೂಚನೆಯಾಗಿತ್ತು. ಆ ಡ್ರೈವರ್ ಯಂತ್ರ ಆರಂಭವಾಗುವಾಗಲೇ ಲೋಡ್ ಆಗುವಂಥದ್ದಾದರೆ ಪ್ರತಿ ಬಾರಿಯೂ ಅದೇ ತಪ್ಪು ಮರುಕಳಿಸಿ, ಯಂತ್ರ ಆರಂಭ ಮತ್ತು ಪತನಗಳ ಸುತ್ತಿನಲ್ಲಿ ಸಿಲುಕುತ್ತದೆ.

2024ರ ಜುಲೈ 19ರ ವೈಫಲ್ಯ

ಕ್ರೌಡ್‌ಸ್ಟ್ರೈಕ್ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಸುರಕ್ಷತಾ ತಂತ್ರಾಂಶ ಸಂಸ್ಥೆ. ಇದರ ಫಾಲ್ಕನ್ ಎಂಬ ತಂತ್ರಾಂಶವನ್ನು ಬ್ಯಾಂಕು, ವಿಮಾನಯಾನ ಸಂಸ್ಥೆ, ಆಸ್ಪತ್ರೆ ಮೊದಲಾದ ಸಂಸ್ಥೆಗಳು ಬಳಸುತ್ತವೆ. ಮನೆಯ ಗಣಕಯಂತ್ರಗಳಲ್ಲಿ ಇದು ಇರುವುದಿಲ್ಲ. ಜುಲೈ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 9:39ಕ್ಕೆ ಸಂಸ್ಥೆಯು ಚಾನೆಲ್ ಫೈಲ್ 291 ಎಂಬ ಸಣ್ಣ ಕಡತದ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿತು. ತಪ್ಪು ತಿಳಿದು 10:57ಕ್ಕೆ ಅದನ್ನು ಹಿಂತೆಗೆದುಕೊಂಡಿತು. ನಡುವಿನ ಅವಧಿ 78 ನಿಮಿಷ.

ಸಂಸ್ಥೆಯೇ ನಂತರ ಪ್ರಕಟಿಸಿದ ವಿಶ್ಲೇಷಣೆಯಂತೆ ಕಾರಣ ಬಹಳ ಸಣ್ಣದು. ಹೊಸ ಕಡತವು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಯಂತ್ರದಲ್ಲಿದ್ದ ಫಾಲ್ಕನ್ ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯ ಅಂಶವನ್ನು ಓದಲು ಹೋದ ಡ್ರೈವರ್ ತನ್ನದಲ್ಲದ ಸ್ಮೃತಿಭಾಗಕ್ಕೆ ಕೈಹಾಕಿತು, ವಿಂಡೋಸ್ ನಿಂತುಹೋಯಿತು. ಕಡತಗಳನ್ನು ಬಿಡುಗಡೆಗೆ ಮುನ್ನ ಪರಿಶೀಲಿಸುವ ತಂತ್ರಾಂಶದಲ್ಲಿಯೂ ದೋಷವಿದ್ದುದರಿಂದ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮುಖ್ಯ ತಂತ್ರಾಂಶದ ಹೊಸ ಆವೃತ್ತಿಗಳನ್ನು ಒಂದೆರಡು ಹಂತ ಹಿಂದಿಟ್ಟು ಪಡೆಯುವ ಅವಕಾಶ ಗ್ರಾಹಕ ಸಂಸ್ಥೆಗಳಿಗೆ ಇತ್ತು. ಆದರೆ ಈ ಬಗೆಯ ಕಡತ ಆ ನಿಯಮಕ್ಕೆ ಒಳಪಡದೆ ಎಲ್ಲರಿಗೂ ಒಟ್ಟಿಗೆ ತಲುಪುತ್ತಿತ್ತು. ಹೀಗಾಗಿ ಎಚ್ಚರ ವಹಿಸಿದ್ದ ಸಂಸ್ಥೆಗಳೂ ಪಾರಾಗಲಿಲ್ಲ.

ಕರ್ನಾಟಕ ಮತ್ತು ಭಾರತದಲ್ಲಿ ಪರಿಣಾಮ

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬೆಳಿಗ್ಗೆ 10:40ರಿಂದ ಇಂಡಿಗೊ, ಆಕಾಸಾ, ಸ್ಪೈಸ್‌ಜೆಟ್ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಗಳ ಪ್ರಯಾಣಿಕ ನೋಂದಣಿ ವ್ಯವಸ್ಥೆಗೆ ಅಡ್ಡಿಯಾಯಿತು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಿಂದ ಬರೆದುಕೊಡಲಾಯಿತು. ಅಂತಹ ಪಾಸುಗಳ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ವ್ಯಾಪಕವಾಗಿ ಹರಡಿದವು. ಅದರ ಹಿಂದಿನ ರಾತ್ರಿ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆಯ ಅಮೆರಿಕದ ಒಂದು ವಲಯದಲ್ಲಿ ಪ್ರತ್ಯೇಕ ತೊಂದರೆಯೊಂದು ಕಾಣಿಸಿಕೊಂಡಿತ್ತು. ಅಂದಿನ ವರದಿಗಳಲ್ಲಿ ಇವೆರಡನ್ನೂ ಒಂದೇ ಎಂದು ಬರೆದದ್ದುಂಟು.

ಭಾರತೀಯ ರಿಸರ್ವ್ ಬ್ಯಾಂಕಿನ ಪ್ರಕಾರ 10 ಬ್ಯಾಂಕು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣ ಪ್ರಮಾಣದ ಅಡಚಣೆಯಾಯಿತು. ಸರ್ಕಾರಿ ಕಚೇರಿಗಳಿಗೆ ಸೇವೆ ಒದಗಿಸುವ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಾಲಕ್ಕೆ ಧಕ್ಕೆಯಾಗಿಲ್ಲ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಿಳಿಸಿದರು. ಭಾರತೀಯ ಗಣಕ ತುರ್ತು ಪ್ರತಿಕ್ರಿಯಾ ತಂಡ, ಅಂದರೆ ಸರ್ಟ್-ಇನ್, ಅದೇ ದಿನ ಪರಿಹಾರ ಕ್ರಮವನ್ನು ಪ್ರಕಟಿಸಿತು. ಕೆಲವು ದಿನಗಳ ನಂತರ, ದುರಸ್ತಿಯ ಹೆಸರಿನಲ್ಲಿ ವಂಚಕರು ಕಳುಹಿಸುತ್ತಿದ್ದ ಸಂದೇಶಗಳ ಬಗ್ಗೆಯೂ ಅದು ಎಚ್ಚರಿಸಿತು.

ದುರಸ್ತಿ ನಿಧಾನವಾದ ಕಾರಣ

ತಪ್ಪು ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಫಾಲ್ಕನ್ ಇರುವ ವಿಂಡೋಸ್ ಯಂತ್ರಗಳಲ್ಲಿ ಶೇಕಡಾ 99ರಷ್ಟು ಮತ್ತೆ ಜಾಲಕ್ಕೆ ಬರಲು ಜುಲೈ 29ರವರೆಗೆ ಸಮಯ ಹಿಡಿಯಿತು. ಅಮೆರಿಕದ ಡೆಲ್ಟಾ ವಿಮಾನಯಾನ ಸಂಸ್ಥೆಯು ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳನ್ನು ರದ್ದುಗೊಳಿಸಿತು. ಆರಂಭವಾಗದ ಯಂತ್ರವು ಅಂತರಜಾಲವನ್ನು ತಲುಪಲಾರದು. ಆದ್ದರಿಂದ ಸರಿಪಡಿಸಿದ ಕಡತವೂ ಅದನ್ನು ತಲುಪಲಾರದು. ಕೆಡಿಸುವುದು ದೂರದಿಂದ ಸಾಧ್ಯವಾದರೂ ಸರಿಪಡಿಸಲು ಒಬ್ಬೊಬ್ಬ ತಂತ್ರಜ್ಞ ಒಂದೊಂದು ಯಂತ್ರದ ಮುಂದೆ ಕೂರಬೇಕಾಯಿತು.

ಅವರು ಮಾಡಬೇಕಾಗಿದ್ದ ಕೆಲಸ ಕೆಲವೇ ನಿಮಿಷಗಳದು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಕ್ರೌಡ್‌ಸ್ಟ್ರೈಕ್ ಎಂಬ ಫೋಲ್ಡರಿಗೆ ಹೋಗಿ, 'ಸಿ-00000291' ಎಂದು ಆರಂಭವಾಗುವ ಕಡತವನ್ನು ಅಳಿಸಿ ಮರಳಿ ಆರಂಭಿಸಿದರೆ ಸಾಕಿತ್ತು. ಆದರೆ ಡಿಸ್ಕ್ ಬಿಟ್‌ಲಾಕರ್ ಮೂಲಕ ಗೂಢಲಿಪೀಕರಣಗೊಂಡಿದ್ದರೆ ಒಳಹೋಗಲು 48 ಅಂಕಿಗಳ ಕೀಲಿ ಬೇಕು. ಆ ಕೀಲಿಗಳನ್ನು ಇಟ್ಟಿದ್ದ ಸರ್ವರ್ ಕೂಡ ಕೆಲವೆಡೆ ಅದೇ ನೀಲಿ ಪರದೆಯನ್ನು ತೋರಿಸುತ್ತಿತ್ತು.

ಇತರ ಘಟನೆಗಳು

2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯ 5958 ಸಂಖ್ಯೆಯ ನವೀಕರಣವು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ 'ಎಸ್‌ವಿಸಿಹೋಸ್ಟ್' ಅನ್ನು ವೈರಸ್ ಎಂದು ತಪ್ಪಾಗಿ ಗುರುತಿಸಿ ಬೇರ್ಪಡಿಸಿತು. ಅಲ್ಲಿಯೂ ಯಂತ್ರಗಳು ಜಾಲಸಂಪರ್ಕ ಕಳೆದುಕೊಂಡು ಪದೇ ಪದೇ ಆರಂಭವಾಗತೊಡಗಿದವು, ಅಲ್ಲಿಯೂ ಕೈಯಿಂದಲೇ ದುರಸ್ತಿ ನಡೆಯಿತು. ಆಗ ಮ್ಯಾಕಫೀಯ ಮುಖ್ಯ ತಾಂತ್ರಿಕ ಅಧಿಕಾರಿಯಾಗಿದ್ದ ಜಾರ್ಜ್ ಕರ್ಟ್ಸ್ 2024ರಲ್ಲಿ ಕ್ರೌಡ್‌ಸ್ಟ್ರೈಕ್‌ನ ಮುಖ್ಯಸ್ಥರಾಗಿದ್ದರು.

ಕಡತಗಳೇ ನಷ್ಟವಾದ ಅಪರೂಪದ ಉದಾಹರಣೆ 2018ರ ಅಕ್ಟೋಬರ್ ತಿಂಗಳ ವಿಂಡೋಸ್ 10 ನವೀಕರಣ. ಕೆಲವು ಬಳಕೆದಾರರ ದಾಖಲೆಗಳು ಅಳಿಸಿಹೋದ ದೂರುಗಳು ಬಂದಾಗ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸಿತು. 2025ರ ಅಕ್ಟೋಬರಿನಲ್ಲಿ ಬಂದ ಕೆಬಿ5066835 ಎಂಬ ವಿಂಡೋಸ್ 11 ನವೀಕರಣದಿಂದ ಚೇತರಿಕೆ ಪರಿಸರದಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್ ಕೆಲಸ ಮಾಡಲಿಲ್ಲ. ದುರಸ್ತಿಗೆಂದು ಇರುವ ಬಾಗಿಲೇ ಹೀಗೆ ಮುಚ್ಚಿತ್ತು. ಒಂದು ವಾರದೊಳಗೆ ತುರ್ತು ಪರಿಹಾರ ಬಂದಿತು.

ಕೆಟ್ಟ ಗಣಕಯಂತ್ರದ ದುರಸ್ತಿ

ವಿಂಡೋಸ್ ಸತತವಾಗಿ ಎರಡು ಮೂರು ಬಾರಿ ಆರಂಭವಾಗಲು ವಿಫಲವಾದರೆ ಚೇತರಿಕೆ ಪರಿಸರವು ತಾನಾಗಿಯೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ, ವಿಂಡೋಸ್ ಲಾಂಛನ ಕಾಣಿಸಿಕೊಂಡ ಕೂಡಲೇ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸುವುದನ್ನು ಎರಡು ಮೂರು ಬಾರಿ ಪುನರಾವರ್ತಿಸಿ ಅದನ್ನು ಬರಿಸಬಹುದು. ಆದರೆ ಪರದೆಯ ಮೇಲೆ ನವೀಕರಣ ನಡೆಯುತ್ತಿದೆ ಎಂಬ ಸೂಚನೆ ಇರುವಾಗ ಹೀಗೆ ಮಾಡಬಾರದು. ಹಳೆಯ ಯಂತ್ರಗಳಲ್ಲಿ ಅದು ಬಹಳ ಹೊತ್ತು ಅಲುಗದೆ ನಿಂತಂತೆ ಕಂಡರೂ ಒಳಗೆ ಕೆಲಸ ಸಾಗಿರುತ್ತದೆ.

ಚೇತರಿಕೆ ಪರಿಸರದಲ್ಲಿ 'ಟ್ರಬಲ್‌ಶೂಟ್', ನಂತರ 'ಅಡ್ವಾನ್ಸ್ಡ್ ಆಪ್ಷನ್ಸ್' ಆರಿಸಬೇಕು. ಅಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಎಂಬುದು ಕೊನೆಯ ನವೀಕರಣವನ್ನು ತೆಗೆದುಹಾಕುತ್ತದೆ. ತೊಂದರೆ ನವೀಕರಣದ ಬೆನ್ನಿಗೇ ಕಾಣಿಸಿಕೊಂಡಿದ್ದರೆ ಮೊದಲು ಪ್ರಯತ್ನಿಸಬೇಕಾದುದು ಇದನ್ನೇ. ಮಾಸಿಕ ನವೀಕರಣ ಮತ್ತು ಆವೃತ್ತಿ ಬದಲಾವಣೆಗಳನ್ನು ಅಲ್ಲಿ ಬೇರೆ ಬೇರೆಯಾಗಿ ತೋರಿಸಲಾಗುತ್ತದೆ. ಆವೃತ್ತಿ ಬದಲಾವಣೆಯಿಂದ ಹಿಂದಿರುಗಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ ಇರುತ್ತದೆ. ಇದು ಫಲಿಸದಿದ್ದರೆ 'ಸಿಸ್ಟಮ್ ರಿಸ್ಟೋರ್' ಮೂಲಕ ಹಿಂದಿನ ದಿನಾಂಕದ ಸ್ಥಿತಿಗೆ ಮರಳಬಹುದು. ಅದರಿಂದ ದಾಖಲೆ, ಚಿತ್ರಗಳಿಗೆ ಬಾಧೆಯಿಲ್ಲ. ಹೊರಗಿನ ಸಂಸ್ಥೆಯ ಡ್ರೈವರ್ ಕಾರಣವಾಗಿದ್ದರೆ ಸೇಫ್ ಮೋಡ್ ಉಪಯುಕ್ತ. ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಆರಂಭದ ಪಟ್ಟಿಯಲ್ಲಿಯೇ ಹಳೆಯ ಕರ್ನೆಲ್ ಆರಿಸುವ ಅನುಕೂಲವಿದೆ.

ಯಾವುದೂ ಫಲಿಸದಿದ್ದರೆ ಮರುಸ್ಥಾಪನೆ ಅನಿವಾರ್ಯ. ಅದಕ್ಕೆ ಮುನ್ನ ಬೇರೊಂದು ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಲಿನಕ್ಸ್ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಬಹುದು. ಅಥವಾ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಬಹುದು. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಈ ಎರಡಕ್ಕೂ ಕೀಲಿ ಬೇಕು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಗೂಢಲಿಪೀಕರಣ ಬಳಕೆದಾರನ ಗಮನಕ್ಕೆ ಬಾರದೆಯೇ ಆರಂಭವಾಗಿರುವುದುಂಟು. ಆಗ ಕೀಲಿಯು ಅದೇ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಯಂತ್ರವನ್ನು ಮೊದಲು ಸಿದ್ಧಪಡಿಸಿಕೊಟ್ಟ ಅಂಗಡಿಯವರು ತಮ್ಮದೇ ಖಾತೆ ಬಳಸಿದ್ದರೆ ಕೀಲಿ ಅವರ ಬಳಿ ಇರುತ್ತದೆ. ಕೀಲಿ ಎಲ್ಲಿಯೂ ಇಲ್ಲದಿದ್ದರೆ ಆ ಕಡತಗಳನ್ನು ಮರಳಿ ಪಡೆಯಲು ಮೈಕ್ರೋಸಾಫ್ಟ್‌ನಿಂದಲೂ ಆಗದು.

ನುಡಿ ಮತ್ತು ಹಳೆಯ ಕನ್ನಡ ಕಡತಗಳು

ಮರುಸ್ಥಾಪನೆಯ ನಂತರ ಕನ್ನಡ ಬಳಕೆದಾರರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಕಡತ ಕೆಟ್ಟಿತೆಂದು ಅದನ್ನು ಅಳಿಸಬಾರದು. ಆ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸಿ ಮೇಲೆ ಕನ್ನಡದ ರೂಪ ತೋರಿಸುವುದರಿಂದ, ಅದೇ ಅಕ್ಷರಶೈಲಿಯನ್ನು ಮತ್ತೆ ಸ್ಥಾಪಿಸಿದರೆ ಬರಹ ಮೊದಲಿನಂತಾಗುತ್ತದೆ. ಯೂನಿಕೋಡ್ ಕಡತಗಳಿಗೆ ಈ ತೊಡಕಿಲ್ಲ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಅಕ್ಷರಶೈಲಿಗಳು ಒದಗಿಬಂದಿವೆ.

ತಾಲ್ಲೂಕು ಪಟ್ಟಣಗಳಲ್ಲಿ

ದೊಡ್ಡ ಸಂಸ್ಥೆಗಳಿಗೆ ತಮ್ಮದೇ ತಂತ್ರಜ್ಞರಿರುತ್ತಾರೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯಂತಹ ಕಡೆ ಸ್ಥಿತಿ ಬೇರೆ. ಗ್ರಾಮ ಒನ್ ಕೇಂದ್ರ, ಪತ್ತಿನ ಸಹಕಾರ ಸಂಘ, ಡಿಟಿಪಿ ಅಂಗಡಿ, ಶಾಲೆ ಇವುಗಳಲ್ಲಿ ಎಲ್ಲ ಕೆಲಸ ಒಂದೆರಡು ಯಂತ್ರಗಳ ಮೇಲೆ ನಿಂತಿರುತ್ತದೆ. ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿಗಳ ದತ್ತಾಂಶ ಸರ್ಕಾರದ ಸರ್ವರ್‌ಗಳಲ್ಲಿ ಇರುವುದರಿಂದ ಅವು ಸುರಕ್ಷಿತ. ಬೇರೊಂದು ಯಂತ್ರದಿಂದ ಕೆಲಸ ಮುಂದುವರಿಸಬಹುದು. ಅಪಾಯವಿರುವುದು ಆ ಒಂದು ಯಂತ್ರದಲ್ಲಿ ಮಾತ್ರ ಇರುವ ಲೆಕ್ಕಪತ್ರ, ಟ್ಯಾಲಿ ಕಡತ, ಪರೀಕ್ಷಾ ಅಂಕಪಟ್ಟಿ, ಮುದ್ರಣಕ್ಕೆ ಸಿದ್ಧವಾದ ಪುಟಗಳಿಗೆ. ದುರಸ್ತಿ ಅಂಗಡಿಗೆ ಕೊಡುವಾಗ ಫಾರ್ಮ್ಯಾಟ್ ಮಾಡದೆ ನವೀಕರಣವನ್ನಷ್ಟೇ ತೆಗೆಯಲು ಪ್ರಯತ್ನಿಸಿರೆಂದು ಸ್ಪಷ್ಟವಾಗಿ ಹೇಳುವುದರಿಂದ ಎಷ್ಟೋ ದಾಖಲೆಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡುವುದು ಅಂಗಡಿಯವರಿಗೆ ಸುಲಭ, ಮಾಲೀಕರಿಗೆ ದುಬಾರಿ.

ವಿದ್ಯುತ್ ಕಡಿತ ಇನ್ನೊಂದು ಕಾರಣ. ನವೀಕರಣದ ನಡುವೆ ವಿದ್ಯುತ್ ಹೋದರೆ ದೋಷವಿಲ್ಲದ ನವೀಕರಣವೂ ಅರ್ಧಕ್ಕೆ ನಿಂತು ಯಂತ್ರ ಕೆಡಬಹುದು. ವಿತರಕರು ಹುಕ್ಕೇರಿಯಂತೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಾಗಿರಲಿ, ಗೋಕಾಕದಂತೆ ಹೆಸ್ಕಾಂ ಆಗಿರಲಿ, ಮೇಜಿನ ಗಣಕಯಂತ್ರಕ್ಕೆ ಯುಪಿಎಸ್ ಇಲ್ಲದೆ ನವೀಕರಣ ನಡೆಸುವುದು ಸೂಕ್ತವಲ್ಲ. ಬಯಾಸ್ ನವೀಕರಣದ ಮಟ್ಟಿಗೆ ಈ ಎಚ್ಚರ ಇನ್ನೂ ಅಗತ್ಯ. ಅದು ಅರ್ಧಕ್ಕೆ ನಿಂತರೆ ಅನೇಕ ಯಂತ್ರಗಳಲ್ಲಿ ಮದರ್‌ಬೋರ್ಡನ್ನೇ ದುರಸ್ತಿಗೆ ಕಳುಹಿಸಬೇಕಾಗುತ್ತದೆ.

ನವೀಕರಣವನ್ನೇ ನಿಲ್ಲಿಸಿಬಿಡುವುದು ಪರಿಹಾರವಲ್ಲ. ಸುರಕ್ಷತಾ ಲೋಪಗಳನ್ನು ಮುಚ್ಚದ ಯಂತ್ರಗಳಿಗೆ 2017ರ ವನ್ನಾಕ್ರೈ ದಾಳಿಯಲ್ಲಿ ಆದ ಹಾನಿ ಇದಕ್ಕೆ ಸಾಕ್ಷಿ. ಅಗತ್ಯವಾದ ನವೀಕರಣವನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಬಿಡುಗಡೆ ಮಾಡಿತ್ತು. ಒಂದು ವಾರ ಮುಂದೂಡುವ ಸೌಲಭ್ಯ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ದೊಡ್ಡ ದೋಷಗಳು ಬಹುಮಟ್ಟಿಗೆ ಆ ಅವಧಿಯೊಳಗೆ ಬಯಲಾಗುತ್ತವೆ.

ನಂತರದ ಬದಲಾವಣೆಗಳು

ವೈಫಲ್ಯದ ಬಳಿಕ ಕ್ರೌಡ್‌ಸ್ಟ್ರೈಕ್ ಇಂತಹ ಕಡತಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುವ ಕ್ರಮಕ್ಕೆ ಬದಲಾಯಿತು, ಯಾವಾಗ ಪಡೆಯಬೇಕೆಂಬ ಆಯ್ಕೆಯನ್ನು ಗ್ರಾಹಕರಿಗೂ ಕೊಟ್ಟಿತು. ಮೈಕ್ರೋಸಾಫ್ಟ್ 2024ರ ನವೆಂಬರಿನಲ್ಲಿ ವಿಂಡೋಸ್ ಸ್ಥಿರತೆಯ ಕಾರ್ಯಕ್ರಮವೊಂದನ್ನು ಘೋಷಿಸಿ, ಸುರಕ್ಷತಾ ತಂತ್ರಾಂಶಗಳು ಕರ್ನೆಲ್‌ನ ಹೊರಗೆ ಕೆಲಸ ಮಾಡುವಂತೆ ವ್ಯವಸ್ಥೆ ರೂಪಿಸತೊಡಗಿತು. ಅದರ ಭಾಗವಾದ 'ಕ್ವಿಕ್ ಮಷೀನ್ ರಿಕವರಿ' 2025ರಲ್ಲಿ ವಿಂಡೋಸ್ 11ಕ್ಕೆ ಸೇರಿತು. ಆರಂಭವಾಗದ ಯಂತ್ರವು ಚೇತರಿಕೆ ಪರಿಸರದಿಂದಲೇ ಜಾಲಕ್ಕೆ ಸಂಪರ್ಕ ಪಡೆದು ಪರಿಹಾರವನ್ನು ತಾನೇ ಇಳಿಸಿಕೊಳ್ಳುವುದು ಇದರ ಉದ್ದೇಶ. ಹೋಮ್ ಆವೃತ್ತಿಯಲ್ಲಿ ಇದು ಮೊದಲೇ ಚಾಲನೆಯಲ್ಲಿರುತ್ತದೆ. ಸಂಸ್ಥೆಗಳ ಯಂತ್ರಗಳಲ್ಲಿ ಆಡಳಿತಗಾರರು ಅದನ್ನು ಚಾಲನೆಗೊಳಿಸಬೇಕು.