ಬೆಂಕಿ ಆರಿಸುವವರಿಗೆ ನಾವಿಟ್ಟ ಹೆಸರು

‘ವಿಷಯ ತಿಳಿದು ಸ್ಥಳಕ್ಕೆ ಧಾವಿಸಿದ ಅಗ್ನಿಶಾಮಕ ದಳದ ಸಿಬ್ಬಂದಿ ಹರಸಾಹಸಪಟ್ಟು ಬೆಂಕಿ ನಂದಿಸಿದರು.’ ಹುಲ್ಲಿನ ಬಣವೆ ಸುಟ್ಟರೂ ಗೋದಾಮು ಸುಟ್ಟರೂ ಜಿಲ್ಲೆಯಿಂದ ನಾವು ಕಳಿಸುವ ಸಾಲು ಇದೇ. ಇದರಲ್ಲಿರುವ ‘ದಳ’ ಎಲ್ಲಿಂದ ಬಂತು? ಅದರೊಳಗೆ ಯಾರಿದ್ದಾರೆ, ಯಾರಿಲ್ಲ?

ಲಂಡನ್ನಿನಲ್ಲಿ ಬೆಂಕಿ ಆರಿಸುವವರನ್ನು ಮೊದಲು ಸಾಕುತ್ತಿದ್ದದ್ದು ವಿಮಾ ಕಂಪನಿಗಳು. 1833ರಲ್ಲಿ ಹಲವು ಕಂಪನಿಗಳು ಒಂದಾಗಿ, ಜೇಮ್ಸ್ ಬ್ರೇಡ್‌ವುಡ್‌ನನ್ನು ಮುಖ್ಯಸ್ಥನನ್ನಾಗಿ ಮಾಡಿಕೊಂಡವು. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಕುಸಿದು ಆತ ಸತ್ತ. ಇಷ್ಟು ಹೊರೆ ನಮ್ಮಿಂದಾಗದು ಎಂದು ಕಂಪನಿಗಳು ಕೈಚೆಲ್ಲಿದವು. 1866ರಲ್ಲಿ ಸಾರ್ವಜನಿಕ ‘ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್’ ಶುರುವಾಯಿತು.

ಬ್ರಿಗೇಡ್ ಸೈನ್ಯದ ಮಾತು, ನಮ್ಮ ‘ದಳ’ವೂ ಹಾಗೆಯೇ. ನಮ್ಮ ರಾಜ್ಯದ 1964ರ ಕಾಯ್ದೆಯ ಹೆಸರಿನಲ್ಲೂ ಇರುವುದು ‘ಫೈರ್ ಫೋರ್ಸ್’. ‘ಶಾಮಕ’ದ ಜಾಯಮಾನ ಮಾತ್ರ ಬೇರೆ. ಅದರಲ್ಲಿ ಕಾದಾಟವಿಲ್ಲ, ಶಮನವಿದೆ. ದೀಪ ಆರಿಸು ಎನ್ನದೆ ‘ಶಾಂತ ಮಾಡು’ ಎನ್ನುವ ಮನೆಗಳ ಮಾತಿಗೆ ಇದು ಹತ್ತಿರ.

1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕವನ್ನೂ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿತ್ತು. ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿಯಿತು. ಅಂದು ಸತ್ತ ಅಗ್ನಿಶಾಮಕ ಸಿಬ್ಬಂದಿ 66 ಮಂದಿ. ಪ್ರತಿ ವರ್ಷ ಆ ದಿನ ದೇಶದ ಎಲ್ಲ ಠಾಣೆಗಳೂ ಅವರನ್ನು ನೆನೆಯುತ್ತವೆ. ದಳದ ಹೆಸರು ಇರುವುದರಿಂದ ನೆನಪಿಗೂ ಒಂದು ದಿನ ಸಿಕ್ಕಿದೆ.

ಕಾಡಿಗೆ ಬೆಂಕಿ ಬಿದ್ದರೆ? ಕೆಂಪು ಲಾರಿ ಹೋಗಲು ಅಲ್ಲಿ ದಾರಿಯಿಲ್ಲ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸುವವರು ಅರಣ್ಯ ರಕ್ಷಕರು ಮತ್ತು ಬೇಸಿಗೆಗೆಂದು ದಿನಗೂಲಿಗೆ ತೆಗೆದುಕೊಂಡ ಕಾಡಂಚಿನ ಊರಿನವರು. ಇವರ ಹುದ್ದೆಗೆ ‘ಫೈರ್ ವಾಚರ್’ ಎನ್ನುತ್ತಾರೆ. ವಾಚರ್ ಎಂದರೆ ಕಾಯುವವನು, ನೋಡುವವನು. ಆರಿಸುವ ಕೆಲಸ ಹೆಸರಿನಲ್ಲೇ ಇಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಗೆ ಬಲಿಯಾದದ್ದು ಒಬ್ಬ ಅರಣ್ಯ ರಕ್ಷಕ.

ಇವರ ಬಗ್ಗೆ ನಾವು ಬರೆಯುವುದು ‘ಅರಣ್ಯ ಸಿಬ್ಬಂದಿ ಹಾಗೂ ಸ್ಥಳೀಯರು’ ಎಂದು. ಸ್ಥಳೀಯರು ಎಂದ ಕೂಡಲೇ ಕೂಲಿ, ವಿಮೆ, ಬೂಟಿನ ಪ್ರಶ್ನೆಗಳು ಮಾಯವಾಗುತ್ತವೆ. ಈ ಬೇಸಿಗೆಯ ವರದಿಗಳಲ್ಲಿ ‘ಹರಸಾಹಸ’ವನ್ನು ಬಿಟ್ಟು, ಎಷ್ಟು ಜನ ಹೋದರು, ಯಾವ ಕೂಲಿಗೆ ಹೋದರು, ಕಾಲಲ್ಲಿ ಏನಿತ್ತು ಎಂದು ಬರೆಯೋಣ. ಅಷ್ಟಕ್ಕೆ ಒಂದೇ ಸಾಲು ಹೆಚ್ಚು ಬೇಕು.